ಕೇಸರಿ ಬೇಳೆಯ ವಿಷ, ನರಕೋಶದ ಬೀಗದ ಕೈ

ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಏನು ಉಳಿಯುತ್ತದೆ, ಏನು ಒಣಗುತ್ತದೆ ಎಂಬುದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಳ ತೆನೆ ಕಟ್ಟದಿದ್ದರೂ ಸೊಪ್ಪೆ ದನಕ್ಕಾಗುತ್ತದೆ. ಸಜ್ಜೆ, ನವಣೆ ಇನ್ನೊಂದಿಷ್ಟು ದಿನ ತಡೆಯುತ್ತವೆ. ಹುರುಳಿಯಂತೂ ಕಲ್ಲುಭೂಮಿಯಲ್ಲೂ ಹಟ ಹಿಡಿದು ನಿಲ್ಲುತ್ತದೆ. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆ 1876ರಲ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ಮುಂದುವರಿದ ಆ ಮಹಾಕ್ಷಾಮ ಅತಿ ಹೆಚ್ಚು ಬಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬೇರು, ಸೊಪ್ಪು, ಹುಣಸೆ ಬೀಜ, ಕೈಗೆ ಸಿಕ್ಕಿದ್ದೆಲ್ಲ ಆಗ ಊಟವಾಯಿತು.

ಆ ಕ್ಷಾಮದಲ್ಲಿ ಇಬ್ಬರು ಇಂಗ್ಲಿಷ್ ಅಧಿಕಾರಿಗಳ ನಡುವೆ ನಡೆದ ಜಗಳವೊಂದು ಇತಿಹಾಸದಲ್ಲಿ ದಾಖಲಾಗಿದೆ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ ಸಾಕು ಎಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಕಟ್ಟು ಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಅದನ್ನು ಒಪ್ಪಲಿಲ್ಲ. ಅಷ್ಟರಲ್ಲಿ ದುಡಿಯುವವನ ದೇಹ ಉಳಿಯುವುದಿಲ್ಲ, ಧಾನ್ಯ ಹೆಚ್ಚಬೇಕು, ಜೊತೆಗೆ ಬೇಳೆಯೂ ಬೇಕು ಎಂಬುದು ಅವನ ವಾದ. ಹೊಟ್ಟೆ ತುಂಬಿತೇ ಎಂಬುದರಷ್ಟೇ, ಯಾವುದರಿಂದ ತುಂಬಿತು ಎಂಬುದೂ ಮುಖ್ಯ ಎಂದು ಅವನು ಕಂಡುಕೊಂಡಿದ್ದ.

ಆದರೆ ಬೇಳೆಯೆಂದರೆ ಯಾವ ಬೇಳೆ? ಉತ್ತರ ಹಾಗೂ ಮಧ್ಯ ಹಿಂದೂಸ್ಥಾನದ ಹಳ್ಳಿಗಳಿಗೆ ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಅಲ್ಲಿ ಬರಗಾಲವನ್ನು ಗೆದ್ದು ನಿಲ್ಲುವ ಬೇಳೆಯೊಂದಿತ್ತು. ಅದನ್ನು ತಿಂದವರು ಹಸಿವಿನಿಂದ ಸಾಯಲಿಲ್ಲ, ಆದರೆ ಹಲವರು ಜೀವಮಾನವಿಡೀ ಕಾಲೆಳೆದುಕೊಂಡು ಬದುಕಿದರು. ಅದೇ ಕೇಸರಿ ಬೇಳೆ. ಹಿಂದಿಯಲ್ಲಿ ಖೇಸಾರಿ ಅಥವಾ ತಿವಡಾ, ಮರಾಠಿಯಲ್ಲಿ ಲಾಖ್. ನಮ್ಮ ಎರೆ, ಮಸಾರಿ ಹೊಲಗಳ ಬೆಳೆ ಇದಲ್ಲ, ಅದು ನಮ್ಮ ಪುಣ್ಯ. ಹಾಗಿದ್ದೂ ಈ ಬೇಳೆಯ ಕಥೆ ನಮಗೆ ಹತ್ತಿರದ್ದಾಗುವುದು ಬೇರೊಂದು ಕಾರಣಕ್ಕೆ. ಅದರ ವಿಷ ಯಾವುದು, ಅದು ನರವನ್ನು ಹೇಗೆ ಕೆಡಿಸುತ್ತದೆ, ದೇಹದ ಯಾವ ವಂಶವಾಹಿ ಅದಕ್ಕೆ ಅಡ್ಡ ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ, ಸುಮಾರು ನಲವತ್ತು ವರ್ಷಗಳ ಅವಧಿಯಲ್ಲಿ.

ಕೇಸರಿ ಬೇಳೆಯ ಅಪಖ್ಯಾತಿ ಹಳೆಯದು. ಹದಿನಾರನೇ ಶತಮಾನದಲ್ಲಿ ಭಾವಮಿಶ್ರ ಬರೆದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ದಲ್ಲಿ ತ್ರಿಪುಟ ಎಂಬ ಕಾಳಿನ ಪ್ರಸ್ತಾಪವಿದೆ. ಅದು ಮನುಷ್ಯನನ್ನು ಕುಂಟನನ್ನಾಗಿ ಮಾಡುತ್ತದೆ ಎಂಬ ಎಚ್ಚರಿಕೆಯೂ ಇದೆ. ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನದ ದೊರೆ ಇದರ ಹಿಟ್ಟಿನ ರೊಟ್ಟಿಯನ್ನು 1671ರಲ್ಲೇ ನಿಷೇಧಿಸಿದ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಮ್ಯಾಡ್ರಿಡ್ ನಗರ 1811-12ರಲ್ಲಿ ಉಪವಾಸ ಬಿದ್ದಾಗ ಜನ ಇದೇ ಕಾಳಿನ ಗಂಜಿ ಕುಡಿದರು. ಚಿತ್ರಕಾರ ಗೋಯಾ ತನ್ನ ಯುದ್ಧ ಚಿತ್ರಮಾಲೆಯ ಒಂದು ಚಿತ್ರಕ್ಕೆ ಈ ಕಾಳಿನ ಹೆಸರನ್ನೇ ಇಟ್ಟಿದ್ದಾನೆ. ಇಟಲಿಯ ವೈದ್ಯ ಕಾಂತಾನಿ 1873ರಲ್ಲಿ ಕಾಯಿಲೆಗೆ ‘ಲ್ಯಾಥಿರಿಸಂ’ ಎಂದು ನಾಮಕರಣ ಮಾಡಿದ. ಸಸ್ಯದ ಶಾಸ್ತ್ರೀಯ ಹೆಸರು ಲ್ಯಾಥಿರಸ್ ಸಟೈವಸ್ ಆದ್ದರಿಂದ ಈ ಹೆಸರು.

ಭಾರತದಲ್ಲಿ ಇದನ್ನು ಕಣ್ಣಾರೆ ಕಂಡು ಬರೆದವರಲ್ಲಿ ಮೊದಲಿಗರ ಸಾಲಿಗೆ ಸೇರುವವನು ಠಗ್ಗರನ್ನು ಹತ್ತಿಕ್ಕಿದ ಅಧಿಕಾರಿಯೆಂದು ಹೆಸರಾದ ಸ್ಲೀಮನ್. ಅವನ ಪ್ರವಾಸ ಪುಸ್ತಕ 1844ರಲ್ಲಿ ಅಚ್ಚಾಯಿತು. ಸಾಗರ ಪ್ರದೇಶದ, ಅಂದರೆ ಇಂದಿನ ಮಧ್ಯಪ್ರದೇಶದ, ಹಳ್ಳಿಯೊಂದರ ಕಥೆ ಅದರಲ್ಲಿದೆ. 1829ರಲ್ಲಿ ಆಲಿಕಲ್ಲಿನ ಮಳೆ ಗೋಧಿಯನ್ನು ಹೊಡೆದು ಹಾಕಿತು. 1830ರಲ್ಲಿ ಮಳೆಯೇ ಸಾಲಲಿಲ್ಲ. 1831ರಲ್ಲಿ ಬೆಳೆಗೆ ರೋಗ ತಗುಲಿತು. ಈ ಮೂರು ವರ್ಷವೂ ಜಗ್ಗದೆ ಬೆಳೆದದ್ದು ಕೇಸರಿ ಮಾತ್ರ. ಜನ ಅದನ್ನೇ ಕೊಯ್ದರು, ಅದನ್ನೇ ಉಂಡರು. 1833ರ ಹೊತ್ತಿಗೆ ಮೂವತ್ತರ ಕೆಳಗಿನ ಹರೆಯದವರು ಒಬ್ಬೊಬ್ಬರಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳತೊಡಗಿದರು. ನೋವಿಲ್ಲ, ಜ್ವರವಿಲ್ಲ. ರಾತ್ರಿ ಚೆನ್ನಾಗಿಯೇ ಮಲಗಿದ ಗಟ್ಟಿಮುಟ್ಟಾದ ಆಳು ಬೆಳಿಗ್ಗೆ ಎದ್ದಾಗ ಕಾಲು ಬಿಗಿದುಕೊಂಡಿರುತ್ತಿತ್ತು. ಮೊದಲು ಒಂದು ಕೋಲು, ಆಮೇಲೆ ಎರಡು ಕೋಲು, ಕೊನೆಗೆ ಅಂಡೂರಿ ತೆವಳುವುದು. ಒಮ್ಮೆ ಬಂದರೆ ಇದು ವಾಸಿಯಾಗುವ ಕಾಯಿಲೆಯಲ್ಲ.

ಕಾಯಿಲೆಯ ಕಾರಣ ತಿಳಿದೂ ಜನ ಏಕೆ ತಿಂದರು ಎಂದು ಪಟ್ಟಣದಲ್ಲಿ ಕುಳಿತು ಕೇಳುವುದು ಸುಲಭ. ಕಟಾವಿಗೆ ಮುಂಚೆ ನಿಂತ ಬತ್ತದ ಗದ್ದೆಯಲ್ಲೇ ಕೇಸರಿ ಬೀಜ ಎರಚಿದರೆ ಸಾಕು, ಗದ್ದೆಯ ಕೊನೆಯ ತೇವದಲ್ಲಿ ಅದು ಬೆಳೆಯುತ್ತದೆ. ಉಳುವುದಿಲ್ಲ, ನೀರು ಕಟ್ಟುವುದಿಲ್ಲ. ಅಗ್ಗದ ಈ ಕಾಳನ್ನು ಜಮೀನ್ದಾರರು ಆಳುಗಳಿಗೆ ಕೂಲಿಯ ಬದಲು ಅಳೆದು ಕೊಡುತ್ತಿದ್ದರು. ರೀವಾ ಸೀಮೆಯಲ್ಲಿ ಸ್ವಾತಂತ್ರ್ಯಾನಂತರವೂ ಜೀತದಾಳುಗಳಿಗೆ ಕೇಸರಿ ಬೆರೆತ ಧಾನ್ಯವೇ ಕೂಲಿ. ಅಲ್ಲಿ 1960ರ ಸುಮಾರಿಗೆ ವೈದ್ಯರು ನಡೆಸಿದ ಸಮೀಕ್ಷೆಗಳಲ್ಲಿ ಕಾಲು ಕಳೆದುಕೊಂಡವರೆಂದು ಸಿಕ್ಕವರು ಬಹುಪಾಲು ಈ ಕೂಲಿಕಾರರೇ. ಸಾಹುಕಾರರ ಮನೆಯಲ್ಲಿ ಗೋಧಿ, ಕಡಲೆ. ಜೀತದವನ ಗುಡಿಸಲಲ್ಲಿ ಕೇಸರಿ. ವಿಷ ಕಾಳಿನಲ್ಲಿತ್ತು ನಿಜ, ಅದು ಯಾರ ತಟ್ಟೆಗೆ ಬೀಳಬೇಕೆಂಬುದನ್ನು ನಿರ್ಧರಿಸಿದ್ದು ಮಾತ್ರ ಕಾಳಲ್ಲ. 1961ರಲ್ಲಿ ಕೇಂದ್ರ ಸರಕಾರ ಆಹಾರ ಕಲಬೆರಕೆ ತಡೆ ನಿಯಮಗಳಡಿ ಕೇಸರಿ ಬೇಳೆಯ ಮಾರಾಟವನ್ನು ನಿಷೇಧಿಸಿತು. ಹೆಚ್ಚು ಬೆಳೆಯುವ ರಾಜ್ಯಗಳಲ್ಲೇ ನಿಷೇಧ ಸರಿಯಾಗಿ ಜಾರಿಯಾಗಲಿಲ್ಲ.

ಇಷ್ಟಾದರೂ ಕಾಳಿನಲ್ಲಿ ಇರುವ ವಿಷ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ನೂರು ವರ್ಷ ಮಿಕ್ಕಿ ಹುಡುಕಾಟ ನಡೆದಿತ್ತು. ಇದು ಕೇಸರಿಯದ್ದಲ್ಲ, ಅದರೊಡನೆ ಬೆರೆಯುವ ಕಳೆಯ ಬೀಜದ್ದು ಎಂದು ವಾದಿಸಿದವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಆ ವಾದಕ್ಕೆ ತೆರೆ ಎಳೆಯಿತು. ಜೀವರಸಾಯನ ವಿಭಾಗದ ಪಿ. ಎಸ್. ಶರ್ಮ ಮತ್ತು ಅವರೊಡನೆ ಕೆಲಸ ಮಾಡುತ್ತಿದ್ದ ಎಸ್. ಎಲ್. ಎನ್. ರಾವ್, ಪಿ. ಆರ್. ಅಡಿಗ ಕಾಳಿನಿಂದ ಒಂದು ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ಅದನ್ನು ಎಳೆಯ ಕೋಳಿಮರಿಗಳಿಗೆ ಚುಚ್ಚಿದಾಗ ಮರಿಗಳ ಕತ್ತು ಹಿಂದಕ್ಕೆ ಸೆಟೆದು ನಡುಕ ಬಂತು. ಮೊದಲ ಸೂಚನೆ 1963ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. 1964ರಲ್ಲಿ ವಿಷದ ಪೂರ್ಣ ರಚನೆ ಅಮೆರಿಕದ ‘ಬಯೋಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ದೆಹಲಿಯ ತಂಡವೊಂದು ಸ್ವತಂತ್ರವಾಗಿ ಇದೇ ವಸ್ತುವನ್ನು ಕಂಡುಕೊಂಡಿತು. ವಿಷದ ಉದ್ದನೆಯ ರಾಸಾಯನಿಕ ಹೆಸರು ನಮಗೆ ಬೇಡ. ವಿಜ್ಞಾನಿಗಳು ಅದನ್ನು ಬೋವಾ ಎಂದೂ ಓಡ್ಯಾಪ್ ಎಂದೂ ಕರೆಯುತ್ತಾರೆ. ಇಲ್ಲಿ ಬೋವಾ ಎಂದರೆ ಸಾಕು.

ಈಗ ಎರಡನೇ ಒಗಟು. ಅದು ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ಊರುಗಳಲ್ಲಿ ಕಂಡದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಅಲಹಾಬಾದ್ ಸೀಮೆಯ ಹಳ್ಳಿಗಳನ್ನು ಸುತ್ತಿದ ವೈದ್ಯ ಇರ್ವಿಂಗ್ ಮೊದಲ್ಗೊಂಡು ಈ ಕಾಯಿಲೆಯನ್ನು ನೋಡಿದವರೆಲ್ಲ ಒಂದೇ ಮಾತು ಬರೆದಿದ್ದಾರೆ: ಕಾಲು ಹೋದವರಲ್ಲಿ ಗಂಡಸರೇ ಹೆಚ್ಚು. ಒಂದೇ ಒಲೆ, ಒಂದೇ ಮಡಕೆ, ಒಂದೇ ಬೇಳೆ. ಗಂಡ ಕೋಲು ಹಿಡಿದಿದ್ದಾನೆ, ಹೆಂಡತಿ ನೆಟ್ಟಗೆ ನಡೆಯುತ್ತಿದ್ದಾಳೆ. ಹೆಂಗಸರಿಗೆ ಬರುವುದೇ ಇಲ್ಲವೆಂದಲ್ಲ. ಬಂದರೂ ಕಡಿಮೆ, ಮುಟ್ಟು ನಿಲ್ಲದ ವಯಸ್ಸಿನವರಲ್ಲಿ ಇನ್ನೂ ಕಡಿಮೆ. ಗಂಡಸರು ಹೆಚ್ಚು ಉಣ್ಣುತ್ತಾರೆ, ಹೆಚ್ಚು ದುಡಿಯುತ್ತಾರೆ, ಕೂಲಿಯ ಕಾಳು ಮೊದಲು ಅವರ ಕೈಗೇ ಬರುತ್ತದೆ ಎಂದು ಸಮಜಾಯಿಷಿ ಕೊಟ್ಟರು. ಅದರಲ್ಲಿ ಸ್ವಲ್ಪ ನಿಜವೂ ಇರಬೇಕು. ಆದರೆ ನಮ್ಮ ಕಡೆಯ ಹೊಲಗಳಲ್ಲಿ ಕಳೆ ತೆಗೆಯುವವರು ಯಾರು, ನೀರು ಹೊರುವವರು ಯಾರು ಎಂದು ಬಲ್ಲವರಿಗೆ ‘ಗಂಡಸರೇ ಹೆಚ್ಚು ದುಡಿಯುತ್ತಾರೆ’ ಎಂಬ ವಿವರಣೆ ಅಷ್ಟು ಸುಲಭವಾಗಿ ಗಂಟಲಿಳಿಯುವುದಿಲ್ಲ.

ಒಗಟಿನ ಉತ್ತರಕ್ಕೆ ಮೊದಲು ನರಕೋಶದ ಕಷ್ಟವನ್ನು ಸ್ವಲ್ಪ ತಿಳಿಯಬೇಕು.

ಆಮ್ಲಜನಕವಿಲ್ಲದೆ ಬದುಕಿಲ್ಲ, ಅದೇ ಆಮ್ಲಜನಕ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಡಬ್ಬಿಯ ಮುಚ್ಚಳ ತೆಗೆದಿಟ್ಟ ಶೇಂಗಾ ಎಣ್ಣೆ ಕೆಲವು ದಿನಕ್ಕೆ ಕಮಟು ಹಿಡಿಯುವುದೂ ಅದರಿಂದಲೇ. ಇದನ್ನು ಉತ್ಕರ್ಷಣ ಎನ್ನುತ್ತಾರೆ. ನಮ್ಮ ದೇಹದ ಪ್ರತಿ ಜೀವಕೋಶದಲ್ಲೂ ಮೈಟೋಕಾಂಡ್ರಿಯ ಎಂಬ ಸಣ್ಣ ಒಲೆಗಳಿವೆ. ಅನ್ನದಿಂದ ಬಂದ ಸಕ್ಕರೆ ಕೊಬ್ಬುಗಳನ್ನು ಆಮ್ಲಜನಕದೊಡನೆ ಉರಿಸಿ ಅವು ಶಕ್ತಿ ಕೊಡುತ್ತವೆ. ಒಲೆಯೆಂದ ಮೇಲೆ ಕಿಡಿ ಸಿಡಿಯದೆ ಇರುತ್ತದೆಯೇ? ಹಾಗೆ ಸಿಡಿಯುವ ಉಗ್ರ ಆಮ್ಲಜನಕದ ಕಣಗಳು ಕೋಶದ ಕೊಬ್ಬು, ಪ್ರೋಟೀನು, ವಂಶವಾಹಿ ಎಲ್ಲವನ್ನೂ ಸುಡಬಲ್ಲವು. ಕಿಡಿ ಹೆಚ್ಚಿ, ಆರಿಸುವ ಕೈ ಕಡಿಮೆಯಾದ ಸ್ಥಿತಿಗೆ ಉತ್ಕರ್ಷಣದ ಒತ್ತಡ ಎಂದು ಹೆಸರು.

ಈ ಒತ್ತಡ ನರಕೋಶಕ್ಕೆ ಬೇರೆಲ್ಲಕ್ಕಿಂತ ಹೆಚ್ಚು. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಬಳಸುವ ಆಮ್ಲಜನಕ ನೂರಕ್ಕೆ ಇಪ್ಪತ್ತು ಪಾಲು. ಅದರಲ್ಲಿ ಬೇಗ ಕಮಟು ಹಿಡಿಯುವಂಥ ಕೊಬ್ಬೂ ಹೇರಳ. ಚರ್ಮದ ಕೋಶ ಸತ್ತರೆ ಇನ್ನೊಂದು ಹುಟ್ಟುತ್ತದೆ, ನರಕೋಶ ಸತ್ತರೆ ಬಹುಮಟ್ಟಿಗೆ ಸತ್ತಂತೆಯೇ. ಬೆನ್ನುಹುರಿಯ ಕೆಳಭಾಗದಿಂದ ಕಾಲಿನ ಪಾದದವರೆಗೆ ಇಳಿಯುವ ನರತಂತು ಸುಮಾರು ಒಂದು ಮೀಟರ್ ಉದ್ದದ ಒಂದೇ ಕೋಶದ ಬಾಲ. ಅಷ್ಟು ಉದ್ದದ ಸಂಸಾರವನ್ನು ಸಾಕುವ ಕೋಶದ ಒಲೆ ಒಂದು ಗಳಿಗೆ ತಣ್ಣಗಾದರೂ ಕಷ್ಟ.

ಬೋವಾ ಮಾಡುವ ಮೋಸ ಇಲ್ಲಿದೆ. ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಗ್ಲುಟಮೇಟ್ ಎಂಬ ವಸ್ತುವನ್ನು ಬಳಸುತ್ತವೆ. ಬೋವಾ ಅದರ ವೇಷ ಹಾಕಿಕೊಂಡು ಬರುತ್ತದೆ. ಬಾಗಿಲು ತೆರೆಯುತ್ತದೆ, ಆದರೆ ಮುಚ್ಚುವುದಿಲ್ಲ. ಕೋಶ ಬಿಡುವಿಲ್ಲದೆ ಕೆರಳುತ್ತದೆ, ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಒಲೆಗಳಿಂದ ಕಿಡಿ ಸಿಡಿಯುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಮ್ಮ ನಿಮ್ಹಾನ್ಸ್, 1974ರಲ್ಲಿ ಈಗಿನ ರೂಪ ತಳೆಯಿತು. ನಮ್ಮ ಜನರಿಗೆ ಅದು ಮೂರ್ಛೆ, ಪಾರ್ಶ್ವವಾಯು, ಮನೋರೋಗದ ಚೀಟಿ ಹಿಡಿದು ರಾತ್ರಿ ಬಸ್ಸಿನಲ್ಲಿ ಹೋಗಿ ಸಾಲು ನಿಲ್ಲುವ ಜಾಗ. ಅದೇ ಆವರಣದ ನರರಸಾಯನ ವಿಭಾಗದಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಕೇಸರಿ ಬೇಳೆಯ ವಿಷವನ್ನು ಕೈಗೆತ್ತಿಕೊಂಡಿತು. ಅವರು ಮೈಸೂರು ವಿಶ್ವವಿದ್ಯಾಲಯದಿಂದ 1981ರಲ್ಲಿ ಡಾಕ್ಟರೇಟ್ ಪಡೆದವರು. ಮುಂದೆ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಕಟ್ಟಿದರು, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ನರವಿಜ್ಞಾನ ವಿಭಾಗ ಕಟ್ಟಿದರು. 2010ರಲ್ಲಿ ಪದ್ಮಶ್ರೀ ಬಂತು.

ಕೆ. ಎಸ್. ಪೈ ಅವರೊಡನೆ 1993ರಲ್ಲಿ ಅವರು ಪ್ರಕಟಿಸಿದ ಸಂಗತಿ ಇದು: ಬೋವಾ ಮೈಟೋಕಾಂಡ್ರಿಯದ ಎಲ್ಲ ಭಾಗಗಳನ್ನೂ ಕೆಡಿಸುವುದಿಲ್ಲ, ಶಕ್ತಿ ತಯಾರಿಕೆಯ ಸಾಲಿನ ಮೊದಲ ಯಂತ್ರವನ್ನೇ ಆರಿಸಿ ಹೊಡೆಯುತ್ತದೆ. ಈ ಯಂತ್ರಕ್ಕೆ ‘ಕಾಂಪ್ಲೆಕ್ಸ್ ಒಂದು’ ಎಂದು ಹೆಸರು. 1998ರಲ್ಲಿ ಕೆ. ಶ್ರೀರಾಮ್, ನಿಮ್ಹಾನ್ಸ್‌ನ ನರರೋಗಶಾಸ್ತ್ರಜ್ಞ ಎಸ್. ಕೆ. ಶಂಕರ್ ಮೊದಲಾದವರೊಡನೆ ಪ್ರಕಟಿಸಿದ ಲೇಖನ ಇನ್ನೂ ಮುಂದೆ ಹೋಯಿತು. ಗಂಡು ಇಲಿಗಳಿಗೆ ಬೋವಾ ಕೊಟ್ಟಾಗ ಹಾಳಾದದ್ದು ಎರಡು ಜಾಗ: ಮಿದುಳಿನಲ್ಲಿ ಚಲನೆಯನ್ನು ಆಳುವ ಭಾಗ ಮತ್ತು ಬೆನ್ನುಹುರಿಯ ಸೊಂಟದ ಭಾಗ. ಸ್ಲೀಮನ್ ಕಂಡ ಹಳ್ಳಿಯ ಹರೆಯದವರ ಕಾಲು ಕಟ್ಟಿಹಾಕಿದ್ದೂ ಇವೇ ದಾರಿಗಳು. ಬೋವಾದ ಕನ್ನಡಿ ಬಿಂಬದಂಥ ಇನ್ನೊಂದು ರೂಪವನ್ನು ಕೊಟ್ಟು ನೋಡಿದರೆ ಏನೂ ಆಗಲಿಲ್ಲ. ಎಡಗೈ ಕೈಗವಸು ಬಲಗೈಗೆ ಹಿಡಿಸದಂತೆ, ಬಾಗಿಲಿಗೆ ಸರಿಯಾದ ರೂಪವೇ ಬೇಕು.

ಇದರಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಕಾಂಪ್ಲೆಕ್ಸ್ ಒಂದು ಕೆಟ್ಟ ರೀತಿ. ಯಂತ್ರ ಒಡೆದಿರಲಿಲ್ಲ, ಅದಕ್ಕೆ ಬೀಗ ಬಿದ್ದಿತ್ತು. ಆ ಯಂತ್ರದ ಮೈಯಲ್ಲಿ ಅಲ್ಲಲ್ಲಿ ಗಂಧಕದ ಕೊಂಡಿಗಳಿವೆ. ಉತ್ಕರ್ಷಣವಾದಾಗ ಆ ಕೊಂಡಿಗಳು ಸಿಕ್ಕಿಕೊಂಡು ಯಂತ್ರ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಆ ಸಿಕ್ಕು ಬಿಡಿಸುವ ರಾಸಾಯನಿಕ ಹಾಕಿದರೆ ಯಂತ್ರ ಮತ್ತೆ ತಿರುಗಿತು. ಹಾಗಾದರೆ ದೇಹದೊಳಗೇ ಈ ಬೀಗ ತೆಗೆಯುವವರು ಯಾರಾದರೂ ಇರಬೇಕಲ್ಲ?

ಇದ್ದರು. ಗ್ಲುಟಾರೆಡಾಕ್ಸಿನ್ ಎಂಬ ಪುಟ್ಟ ಕಿಣ್ವ. ಕೋಶದಲ್ಲಿ ಗ್ಲುಟಾಥಯೋನ್ ಎಂಬ ಗಂಧಕವುಳ್ಳ ವಸ್ತು ಬೇಕಾದಷ್ಟಿದೆ, ಕಿಡಿಗಳನ್ನು ನುಂಗುವುದು ಅದರ ಕೆಲಸ. ಆದರೆ ಉತ್ಕರ್ಷಣ ಹೆಚ್ಚಿದಾಗ ಅದೇ ಹೋಗಿ ಪ್ರೋಟೀನುಗಳ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಗ್ಲುಟಾರೆಡಾಕ್ಸಿನ್ ಒಂದೊಂದಾಗಿ ಆ ಅಂಟು ಬಿಡಿಸುತ್ತದೆ. ಕಿಣ್ವವನ್ನು ತಯಾರಿಸುವ ಬರಹ ವಂಶವಾಹಿಯಲ್ಲಿದೆ. ಮನುಷ್ಯರಲ್ಲಿ ಅದು ಐದನೇ ವರ್ಣತಂತುವಿನ ಮೇಲಿದೆ. 2002ರಲ್ಲಿ ಆರ್. ಎಸ್. ಕೆಂಚಪ್ಪ, ಲತಾ ದಿವಾಕರ್ ಮೊದಲಾದವರೊಡನೆ ರವೀಂದ್ರನಾಥ್ ಒಂದು ಲೇಖನ ಪ್ರಕಟಿಸಿದರು. (ಕೆಂಚಪ್ಪ ಎಂಬ ಹೆಸರು ನಮ್ಮ ಕಡೆಯವರ ಕಿವಿಗೆ ಹೊಸತಲ್ಲ, ಅಂತರರಾಷ್ಟ್ರೀಯ ಪತ್ರಿಕೆಯೊಂದರ ಪುಟದಲ್ಲಿ ಅದನ್ನು ಓದುವಾಗ ಒಂದು ಬಗೆಯ ಸಂತೋಷ.) ಒಂದು ಸಲ ಬೋವಾ ಕೊಟ್ಟ ಇಲಿಯ ಬೆನ್ನುಹುರಿಯಲ್ಲಿ ಕಾಂಪ್ಲೆಕ್ಸ್ ಒಂದು ಕುಸಿದರೂ ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಗ್ಲುಟಾರೆಡಾಕ್ಸಿನ್ ವಂಶವಾಹಿ ಎಚ್ಚೆತ್ತು ಕಿಣ್ವವನ್ನು ಹೆಚ್ಚು ಹೆಚ್ಚಾಗಿ ಮಾಡಿಸುತ್ತಿರುತ್ತದೆ. ವಂಶವಾಹಿಯಿಂದ ಹೊರಡುವ ಸಂದೇಶವನ್ನು ಮಧ್ಯದಲ್ಲೇ ತಡೆದು ನೋಡಿದರು. ಚೇತರಿಕೆ ನಿಂತುಹೋಯಿತು. ಬೀಗದ ಕೈ ಯಾರ ಬಳಿ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಈಗ ಗಂಡ ಹೆಂಡತಿಯ ಒಗಟಿಗೆ ಬರೋಣ. ಹೆಣ್ಣಿಲಿಗಳಿಗೆ ಅದೇ ವಿಷ ಕೊಟ್ಟರೆ ಕಾಂಪ್ಲೆಕ್ಸ್ ಒಂದು ಕುಸಿಯಲಿಲ್ಲ. ನೋಡಿದರೆ ಅವುಗಳ ನರಮಂಡಲದಲ್ಲಿ ಗ್ಲುಟಾರೆಡಾಕ್ಸಿನ್ ಮೊದಲಿನಿಂದಲೇ ಹೆಚ್ಚು. ಅಂಡಾಶಯ ತೆಗೆದ ಹೆಣ್ಣಿಲಿಗಳಲ್ಲಿ ಕಿಣ್ವದ ಮಟ್ಟ ಇಳಿಯಿತು, ರಕ್ಷಣೆಯೂ ಕಡಿಮೆಯಾಯಿತು. ಅಂದರೆ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಈ ವಂಶವಾಹಿಯನ್ನು ಚುರುಕಾಗಿ ಇಟ್ಟಿರುತ್ತದೆ. ಹೆಣ್ಣಿಲಿಗಳಲ್ಲೂ ಗ್ಲುಟಾರೆಡಾಕ್ಸಿನ್ ಸಂದೇಶವನ್ನು ತಡೆದಾಗ ಅವೂ ಗಂಡಿಲಿಗಳಂತೆ ಸೋತವು. 2004 ಮತ್ತು 2007ರಲ್ಲಿ ಪ್ರಕಟವಾದ ಈ ಕೆಲಸಗಳಲ್ಲಿ ಒಂದು ಪಾರ್ಕಿನ್ಸನ್ ಕಾಯಿಲೆಯಂಥ ಸ್ಥಿತಿ ತರುವ ಬೇರೆ ವಿಷದ ಮೇಲೆ, ಇನ್ನೊಂದು ಈ ಕಿಣ್ವ ತಗ್ಗಿದ ಹೆಣ್ಣಿಲಿಯ ಮೇಲೆ. ಎರಡೂ ಕೈ ತೋರಿದ್ದು ಒಂದೇ ವಂಶವಾಹಿಯತ್ತ. ಗಂಡಿಗೂ ಹೆಣ್ಣಿಗೂ ಬರಹ ಒಂದೇ. ಅದನ್ನು ಎಷ್ಟು ಸಲ ಓದಿಸಲಾಗುತ್ತದೆ ಎಂಬುದರಲ್ಲಿ ವ್ಯತ್ಯಾಸ. ಇಲಿಯ ಮಾತನ್ನು ನೇರವಾಗಿ ಮನುಷ್ಯರಿಗೆ ಹಚ್ಚುವುದು ಅವಸರವಾದೀತು, ಕೂಲಿಯ ಕಾಳು ಯಾರ ಪಾಲಿಗೆ ಎಷ್ಟು ಎಂಬ ಲೆಕ್ಕವನ್ನೂ ಮರೆಯಬಾರದು. ಆದರೂ ಅಲಹಾಬಾದಿನ ವೈದ್ಯ ಕಂಡು ಬರೆದಿಟ್ಟ ಒಗಟಿಗೆ ನೂರೈವತ್ತು ವರ್ಷಗಳಲ್ಲಿ ಸಿಕ್ಕ ಅತ್ಯುತ್ತಮ ಸುಳಿವು ಇದೇ.

ನರಕೋಶಕ್ಕೆ ಇಂಥ ಕಾವಲು ವಂಶವಾಹಿಗಳು ಹಲವು. ಕೆಲವು ಕಿಡಿ ಆರಿಸುತ್ತವೆ, ಕೆಲವು ಅಂಟು ಬಿಡಿಸುತ್ತವೆ, ಎನ್‌ಆರ್‌ಎಫ್2 ಎಂಬುದು ಹೊಲದ ಮಂಚಿಕೆಯ ಮೇಲೆ ಕುಳಿತ ಕಾವಲುಗಾರನಂತೆ ಕೂಗು ಹಾಕಿ ಉಳಿದವನ್ನು ಎಬ್ಬಿಸುತ್ತದೆ. ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೋವಿಚ್ 1969ರಲ್ಲಿ ಕಂಡುಹಿಡಿದ ಕಿಡಿ ಆರಿಸುವ ಕಿಣ್ವವೊಂದರ ವಂಶವಾಹಿ ಎಸ್‌ಒಡಿ1. ಚಾಲಕ ನರಗಳು ಸಾಯುತ್ತ ಹೋಗುವ ಎಎಲ್‌ಎಸ್ ಕಾಯಿಲೆಯ ಕೆಲವು ಕುಟುಂಬಗಳಲ್ಲಿ ಈ ವಂಶವಾಹಿಯೇ ಕೆಟ್ಟಿದೆ ಎಂದು 1993ರಲ್ಲಿ ಗೊತ್ತಾದಾಗ ಎಲ್ಲರೂ ‘ಕಾವಲು ತಪ್ಪಿತು, ನರ ಸತ್ತಿತು’ ಎಂದುಕೊಂಡರು. ಸಂಗತಿ ಅಷ್ಟು ಸರಳವಾಗಿರಲಿಲ್ಲ. ಈ ವಂಶವಾಹಿಯನ್ನು ಪೂರ್ತಿ ತೆಗೆದುಹಾಕಿದ ಇಲಿಗಳಿಗೆ ಆ ಕಾಯಿಲೆ ಬರಲಿಲ್ಲ! ಕೆಟ್ಟ ಬರಹದಿಂದ ಹುಟ್ಟಿದ ವಿಕೃತ ಪ್ರೋಟೀನೇ ನರಕ್ಕೆ ವಿಷವಾಗುತ್ತಿತ್ತು. ಕಾವಲುಗಾರನೇ ಕಳ್ಳನಾದ ಹಾಗೆ. ಆ ವಿಕೃತ ಸಂದೇಶವನ್ನು ತಡೆಯುವ ಔಷಧವೊಂದಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸಂದೇಶ ತಡೆಯುವ ಅದರ ತಂತ್ರ ಕೆಂಚಪ್ಪ ಮೊದಲಾದವರು ಇಲಿಗಳಲ್ಲಿ ಬಳಸಿದ ತಂತ್ರದ ಸಂಬಂಧಿಯೇ.

ಇನ್ನೊಂದು ವಂಶವಾಹಿಯ ಕಥೆ ನಮ್ಮ ಸೀಮೆಯ ಮನೆಬಾಗಿಲಿಗೆ ಬರುತ್ತದೆ. ಡಿಜೆ-1 ಎಂಬ ಅದು ಕೋಶವನ್ನು ಉತ್ಕರ್ಷಣದಿಂದ ಕಾಯುತ್ತದೆ. ಗ್ಲುಟಾರೆಡಾಕ್ಸಿನ್ ತಗ್ಗಿದಾಗ ಡಿಜೆ-1 ಪ್ರೋಟೀನೂ ಕರಗುತ್ತದೆ ಎಂದು ರವೀಂದ್ರನಾಥ್ ತಂಡವೇ 2010ರಲ್ಲಿ ತೋರಿಸಿತು. ಈ ವಂಶವಾಹಿ ಕೆಟ್ಟರೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ಬರಬಹುದೆಂದು 2003ರಲ್ಲಿ ಗೊತ್ತಾಯಿತು. ಗೊತ್ತಾದದ್ದು ಹಾಲೆಂಡ್ ಮತ್ತು ಇಟಲಿಯ ಎರಡು ಕುಟುಂಬಗಳಲ್ಲಿ. ಎರಡರಲ್ಲೂ ಮದುವೆಗಳು ಹತ್ತಿರದ ನೆಂಟರೊಳಗೇ ನಡೆದಿದ್ದವು. ಪ್ರತಿ ವಂಶವಾಹಿಯ ಎರಡು ಪ್ರತಿ ನಮ್ಮಲ್ಲಿರುತ್ತವೆ: ಅಪ್ಪನದೊಂದು, ಅವ್ವನದೊಂದು. ಒಂದು ಕೆಟ್ಟಿದ್ದರೂ ಡಿಜೆ-1 ವಿಷಯದಲ್ಲಿ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಎರಡೂ ಕೆಟ್ಟರೆ ತೊಂದರೆ. ಒಂದೇ ಅಜ್ಜನ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಸೇರುವ ಸಾಧ್ಯತೆ ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚು.

ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸತಲ್ಲ. ಹೊಲ ಹಂಚಿಹೋಗುವುದಿಲ್ಲ, ಗೊತ್ತಿದ್ದ ಮನೆ, ಮಗಳು ಕಣ್ಣೆದುರಿಗಿರುತ್ತಾಳೆ. ಈ ಲೆಕ್ಕಾಚಾರವನ್ನು ಮೌಢ್ಯವೆಂದು ತಳ್ಳಿಹಾಕುವ ಭಾಷಣಗಳು ನನಗೆ ಹಿಡಿಸುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು ರಕ್ತಸಂಬಂಧದೊಳಗೇ ನಡೆದಿವೆ. ಡಿಜೆ-1 ದೋಷ ಜಗತ್ತಿನಲ್ಲೇ ಬಹಳ ಅಪರೂಪ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಎರಡೂ ಪ್ರತಿ ಕೆಟ್ಟಾಗ ಬರುವ ನರದ ಕಾಯಿಲೆಗಳು ಒಟ್ಟಿಗೆ ಸೇರಿದರೆ ಸಣ್ಣ ಪಟ್ಟಿಯಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಕೈಕಾಲು ಸ್ವಾಧೀನ ತಪ್ಪಿದವರು ಇಬ್ಬರು ಮೂವರು ಇದ್ದರೆ ಅದನ್ನು ಮನೆದೇವರ ಮುನಿಸೆಂದು ಮುಚ್ಚಿಡುವ ಬದಲು ಮದುವೆಯ ಮಾತಿಗೆ ಮುಂಚೆ ವೈದ್ಯರ ಹತ್ತಿರ ಹೇಳುವುದು ಒಳ್ಳೆಯದು.

ಉತ್ಕರ್ಷಣವೇ ಶತ್ರುವಾದರೆ ಅದನ್ನು ತಡೆಯುವ ಮಾತ್ರೆ ನುಂಗಿದರಾಗದೇ? ಅಂಗಡಿಗಳಲ್ಲಿ ಇಂಥ ಮಾತ್ರೆ, ಪುಡಿ, ಕಷಾಯಗಳಿಗೇನೂ ಬರವಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 800 ಪಾರ್ಕಿನ್ಸನ್ ರೋಗಿಗಳ ಮೇಲೆ ಇ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದರು. 1993ರಲ್ಲಿ ಫಲಿತಾಂಶ ಬಂತು: ರೋಗ ಮುಂದುವರಿಯುವುದನ್ನು ಅದು ತಡೆಯಲಿಲ್ಲ. ಬೀಗ ಬಿದ್ದಲ್ಲಿ ನೀರೆರಚಿದರೆ ಬಾಗಿಲು ತೆರೆಯುವುದಿಲ್ಲ. ಯಾವ ಕೋಶದಲ್ಲಿ, ಯಾವ ಗಳಿಗೆಯಲ್ಲಿ, ಯಾವ ಕಿಣ್ವ ಬೇಕೆಂಬುದನ್ನು ವಂಶವಾಹಿಗಳೇ ತೀರ್ಮಾನಿಸುತ್ತವೆ.

ಊಟಕ್ಕೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಇಥಿಯೋಪಿಯಾದಲ್ಲಿ 1990ರ ದಶಕದ ಕೊನೆಗೆ ಬರ ಬಿದ್ದು ಎರಡು ಸಾವಿರಕ್ಕೂ ಹೆಚ್ಚು ಮಂದಿ ಕೇಸರಿಯಿಂದ ಕಾಲು ಕಳೆದುಕೊಂಡರು. ಅಲ್ಲಿ ಅಧ್ಯಯನ ಮಾಡಿದವರಿಗೆ ಕಂಡದ್ದು: ಬರೀ ಕೇಸರಿ ತಿಂದವರಿಗಿಂತ ಅದನ್ನು ಧಾನ್ಯದ ಜೊತೆ ಬೆರೆಸಿ ತಿಂದವರಿಗೆ ಅಪಾಯ ಕಡಿಮೆ. ಗಂಧಕವುಳ್ಳ ಅಮೈನೋ ಆಮ್ಲಗಳು ಕೇಸರಿಯಲ್ಲಿ ಕಡಿಮೆ, ಧಾನ್ಯದಲ್ಲಿ ಹೆಚ್ಚು. ಗ್ಲುಟಾಥಯೋನ್ ತಯಾರಾಗಲು ಬೇಕಾದ ಗಂಧಕ ಬರುವುದು ಅವುಗಳಿಂದಲೇ. ಜೋಳದ ರೊಟ್ಟಿಗೆ ಬೇಳೆ, ಬೇಳೆಗೆ ರೊಟ್ಟಿ ಎಂದು ಜೋಡಿ ಮಾಡಿದ ನಮ್ಮ ಅಜ್ಜಿಯಂದಿರಿಗೆ ಗಂಧಕದ ಲೆಕ್ಕ ಗೊತ್ತಿರಲಿಲ್ಲ. ಜೋಡಿ ಮಾತ್ರ ಸರಿಯಾಗಿತ್ತು.

ಕೇಸರಿಯ ಕಥೆ ಮುಗಿದಿಲ್ಲ. ಬರವನ್ನೂ ನೀರು ನಿಲ್ಲುವುದನ್ನೂ ತಾಳುವ ಇಂಥ ಬೇಳೆ ಇನ್ನೊಂದಿಲ್ಲವೆಂದು ಕೃಷಿ ವಿಜ್ಞಾನಿಗಳು ಅದರ ವಿಷ ಇಳಿಸುವ ಕೆಲಸಕ್ಕೆ ಕೈಹಾಕಿದರು. ರತನ್, ಪ್ರತೀಕ್, ಮಹಾತಿವಡಾ ಎಂಬ ಕಡಿಮೆ ವಿಷದ ತಳಿಗಳು ಬಂದಿವೆ. ಮಹಾರಾಷ್ಟ್ರ 2008ರಲ್ಲಿ ತನ್ನ ನಿಷೇಧವನ್ನು ತೆಗೆಯಿತು. ಹಳೆಯ ತಳಿಯ ಕಾಳು ಹೊಸದರ ಜೊತೆ ಬೆರೆತರೆ ಕಣ್ಣಿನಿಂದ ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಮಾರುಕಟ್ಟೆಯಲ್ಲಿ ಉತ್ತರವಿಲ್ಲ.

ನಮ್ಮ ಹೊಲದಲ್ಲಿ ಇಲ್ಲದ ಕೇಸರಿ ನಮ್ಮ ಮನೆಗೆ ಬರುವ ದಾರಿ ಒಂದೇ, ಅದು ಕಲಬೆರಕೆ. ತೊಗರಿ ಬೇಳೆ, ಕಡ್ಲೆಬೇಳೆಯಲ್ಲಿ ಇದನ್ನು ಬೆರೆಸುವುದುಂಟೆಂದು ಆಹಾರ ಇಲಾಖೆಯ ಪಟ್ಟಿಗಳಲ್ಲೇ ಇದೆ. ಹಿಟ್ಟಾದ ಮೇಲೆ ಕಂಡುಹಿಡಿಯಲು ಪ್ರಯೋಗಾಲಯ ಬೇಕು. ಸಂಜೆಯಾದರೆ ಮಿರ್ಚಿ ಮಂಡಕ್ಕಿಯ ಬಾಣಲೆ ಕಾಯುವ ನಮ್ಮ ಊರುಗಳಲ್ಲಿ ಕಡ್ಲೆಹಿಟ್ಟಿನ ಖರ್ಚು ಸ್ವಲ್ಪದ್ದಲ್ಲ. ಅಪರೂಪಕ್ಕೆ ಒಂದಿಷ್ಟು ಹೊಟ್ಟೆಗೆ ಹೋದರೆ ಕಾಲು ಹೋಗುವುದಿಲ್ಲ. ತಿಂಗಳುಗಟ್ಟಲೆ ಅದನ್ನೇ ಮುಖ್ಯ ಊಟವಾಗಿ ಉಂಡವರಿಗೆ ಬರುವ ಕಾಯಿಲೆ ಇದು. ಆದರೂ ಬೇಳೆ ತಂದ ದಿನ ಒಂದು ಹಿಡಿ ಅಗಲವಾದ ತಟ್ಟೆಯಲ್ಲಿ ಹರಡಿ ನೋಡುವುದಕ್ಕೆ ಖರ್ಚಿಲ್ಲ. ತೊಗರಿ ದುಂಡಗಿರುತ್ತದೆ. ಕೇಸರಿ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಚೌಕ, ಸಣ್ಣ ಕೊಡಲಿಯ ಅಲಗಿನ ಹಾಗೆ.